40 ದಾಟಿದ ಮೇಲೂ ಸಾಫ್ಟ್‌ವೇರ್ ಕೆಲಸದವರು ಕಲಿಯುತ್ತಲೇ ಇರಬೇಕಾ? ಮನೆ, ಊರಿನ ಕೆಲಸದ ನಡುವೆ ಅದು ಹೇಗೆ ಸಾಧ್ಯ?

ಕಲಿಯಲೇಬೇಕು. ಆದರೆ ಹೊಸದಾಗಿ ಬಂದದ್ದನ್ನೆಲ್ಲ ಬೆನ್ನಟ್ಟಬೇಕಿಲ್ಲ. ಕೈಯಲ್ಲಿರುವ ಕೆಲಸ ಕೇಳುವುದನ್ನು ಮೊದಲು ಕಲಿಯಿರಿ. 2020ರ ಜನವರಿ 1ಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯಾದ ಪೈಥಾನ್ 2ರ ಬೆಂಬಲ ನಿಂತಿತು. ನಮ್ಮ ಹಳೆಯ ಕೋಡನ್ನು ಪೈಥಾನ್ 3ಕ್ಕೆ ತರುವಾಗ ಕಲಿತಷ್ಟು ನಾನು ಯಾವ ಕೋರ್ಸಿನಲ್ಲೂ ಕಲಿತಿಲ್ಲ.

ನಾನಿರುವುದು ಬೆಳಗಾವಿಯಲ್ಲಿ. ಮನೆಯವರು ಏಳುವ ಮುಂಚಿನ ಅರ್ಧ ಗಂಟೆ ನನ್ನ ಓದಿಗೆ. ಸಂಜೆ ಮಗಳ ಜೊತೆ ಕೂರುತ್ತೇನೆ. ಅವಳಿಗೆ ಪ್ರೋಗ್ರಾಮಿಂಗಿನ ‘ಲೂಪ್’ ಅರ್ಥ ಆಗುತ್ತಿರಲಿಲ್ಲ. ಅವ್ವನ ಇಳಕಲ್ ಸೀರೆ ತಂದು, ಸೆರಗು ಮೈಗೆ ಕೂಡುವ ಜಾಗ ತೋರಿಸಿದೆ. ಅಲ್ಲಿ ಎರಡು ಬೇರೆ ಹಾಸುಗಳನ್ನು, ಅಂದರೆ ಉದ್ದದ ಎಳೆಗಳನ್ನು, ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ. ಒಂದೇ ಕೆಲಸ, ಮತ್ತೆ ಮತ್ತೆ. “ಒಂದು ಎಳೆ ತಪ್ಪಿದರೆ ಏನಪ್ಪಾ?” ಅಂದಳು. ಎಷ್ಟು ಒಳ್ಳೆಯ ಪ್ರಶ್ನೆ, ಅಲ್ವಾ? ತಪ್ಪು ಹುಡುಕುವ ಪಾಠ ಅಲ್ಲಿಂದಲೇ ಶುರುವಾಯಿತು.

ಊರಿನ ಕೆಲಸವೂ ಕಲಿಸುತ್ತದೆ. ನಮ್ಮ ಓಣಿಯ ವಾಚನಾಲಯದ ಹಳೆಯ ಫೈಲುಗಳು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನಲ್ಲಿದ್ದವು. ಅವನ್ನು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಾಯಿಸಿಕೊಟ್ಟೆ. ಹಳೆಯ ಫಾಂಟಿನಲ್ಲಿ ‘ಸೂರ್ಯ’ದ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೇ ಮೊದಲು. ಇಷ್ಟು ವರ್ಷ ಕನ್ನಡ ಟೈಪ್ ಮಾಡಿದರೂ ಇದು ನನಗೆ ಗೊತ್ತಾಗಿದ್ದು ಆಗಲೇ.