ಮುದ್ದೆಯಲ್ಲಿ ಗಂಟು ಬರುತ್ತಿದ್ದರೆ
ಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು, ಮಾವ ಅದನ್ನು ತಟ್ಟೆ ಅಂಚಿಗೆ ಸಾಲಾಗಿ ಜೋಡಿಸಿ ಇಡುತ್ತಾರೆ ಅಂದಿರಲ್ಲ, ಬಹುಶಃ ನೀವು ಹಿಟ್ಟು ಹಾಕಿದ ತಕ್ಷಣ ತಿರುವುತ್ತಿದ್ದೀರಿ. 1 ಲೋಟ ರಾಗಿ ಹಿಟ್ಟಿಗೆ 2 ಲೋಟ ನೀರು ಒಲೆ ಮೇಲೆ ಇಡಿ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ, ಉಪ್ಪಿನ ಜೊತೆ ಒಲೆ ಮೇಲಿನ ನೀರಿಗೆ ಹಾಕಿ. ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಉರಿ ಸಣ್ಣ ಮಾಡಿ, 5 ನಿಮಿಷ ಮುಟ್ಟಲೇಬೇಡಿ. ಕೈ ಸುಮ್ನೆ ಇರಲ್ಲ, ಗೊತ್ತು. ಆಮೇಲೆ ಕೋಲಿನಿಂದ ಗುಡ್ಡೆ ಮುರಿದು, ಪಾತ್ರೆಯ ಬದಿಗೆ ಒತ್ತಿ ಒತ್ತಿ ತಿರುವಿ. ಗಟ್ಟಿ ಅನಿಸಿದರೆ ಬಿಸಿನೀರು ಚಿಮುಕಿಸಿ, ಹಿಟ್ಟು ನುಣ್ಣಗಿದೆಯೋ ತರಿಯೋ ಅನ್ನುವುದರ ಮೇಲೆ ಅಳತೆ ಹೆಚ್ಚು ಕಮ್ಮಿ ಆಗಬಹುದು. ಮತ್ತೆ 2 ನಿಮಿಷ ಮುಚ್ಚಿಡಿ. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ, ಬಿಸಿ ಇರುವಾಗಲೇ ಉಂಡೆ ಕಟ್ಟಿ.