ಮನೆ ರಿಪೇರಿ ಪ್ರಶ್ನೋತ್ತರ: ತೊಲೆಯೊಳಗಿನ ಬೂಷ್ಟು

ಪ್ರಶ್ನೆ: ನಮ್ಮದು ಬೆಳಗಾವಿ ಶಹಾಪುರದಲ್ಲಿ ಅಜ್ಜನ ಕಾಲದ ಮನೆ. ಸಾಗವಾನಿ ತೊಲೆ, ಮೇಲೆ ಹಂಚು. ಎರಡು ಮಳೆಗಾಲದಿಂದ ಹಿಂದಿನ ಖೋಲಿಯ ತೊಲೆಗೂ ಗೋಡೆಗೂ ಕಪ್ಪು ಬೂಷ್ಟು ಹಿಡಿಯುತ್ತಿದೆ. ಹೋದ ವರ್ಷ ಪೇಂಟರ್ ಬ್ಲೀಚಿಂಗ್ ನೀರಲ್ಲಿ ಒರೆಸಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದು ಹೋದ. ದೀಪಾವಳಿಗೆ ಚೆನ್ನಾಗಿಯೇ ಇತ್ತು. ಈ ಜುಲೈಗೆ ಅದೇ ಜಾಗದಲ್ಲಿ ಮತ್ತೆ ಬಂದಿದೆ. ಅತ್ತೆಯವರಿಗೆ ದಮ್ಮು ಬೇರೆ. ಈಗ ಒಬ್ಬರು ಮಷೀನ್ ತಂದು ತೆಗೀತೀವಿ ಅಂತ ದೊಡ್ಡ ರೇಟ್ ಹೇಳಿದ್ದಾರೆ. ಮಾಡಿಸಬಹುದಾ?
– ಓದುಗರು, ಬೆಳಗಾವಿ

ಉತ್ತರ: ಅಕ್ಕಾರೇ, ಅಡ್ವಾನ್ಸ್ ಕೊಡುವ ಮೊದಲು ಅವರಿಗೆ ಒಂದೇ ಮಾತು ಕೇಳಿ, ನೀರು ಎಲ್ಲಿಂದ ಬರ್ತಿದೆ ಅಂತ. ಅದಕ್ಕೆ ಉತ್ತರ ಕೊಡದೆ ನೇರ ಮಷೀನ್ ಸುದ್ದಿಗೆ ಹೋದರೆ ಅವರನ್ನು ಚಹಾ ಕುಡಿಸಿ ಕಳಿಸಿಬಿಡಿ.

ನಿಮ್ಮ ಪೇಂಟರ್ ಮಾಡಿದ್ದು ಏನಂದ್ರೆ, ಬೂಷ್ಟಿನ ಕರಿ ಬಣ್ಣ ತೆಗೆದ, ಬೂಷ್ಟು ತೆಗೆಯಲಿಲ್ಲ. ಬ್ಲೀಚಿಂಗ್ ನೀರು ನಯವಾದ ಟೈಲ್ಸ್ ಮೇಲೆ ಸರಿ. ಮರದ ಮೇಲೆ ಹಾಕಿದರೆ ಅದರ ಔಷಧ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ, ನೀರು ಮಾತ್ರ ಒಳಗೆ ಇಳಿಯುತ್ತದೆ. ಕರಿ ಮಾಯವಾಯಿತು ಅಂತ ನಾವು ಖುಷಿಯಾಗಿರ್ತೀವಿ, ಒಳಗೆ ಎಳೆ ಬಿಟ್ಟ ಬೂಷ್ಟಿಗೆ ಕುಡಿಯೋಕೆ ನೀರು ಸಿಕ್ಕಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟ್! ಹಳೇ ಸುಣ್ಣದ ಗಾರೆ ಗೋಡೆ ಹೀರಿದ ತೇವವನ್ನು ತಾನೇ ಹೊರಗೆ ಬಿಡುತ್ತದೆ, ಆ ಬಾಯಿಯನ್ನೂ ಮುಚ್ಚಿದಂತಾಯಿತು. (ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಬ್ಲೀಚಿಂಗ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವತ್ತೂ ಬೆರೆಸಬೇಡಿ. ಅದರಿಂದ ಬರುವುದು ಕ್ಲೋರಿನ್ ವಿಷಗಾಳಿ.)

ಈಗ ನೀವೇ ಒಂದು ಕೆಲಸ ಮಾಡಿ. ಏಣಿ ಹಾಕಿ, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂ ಡ್ರೈವರ್ ಒತ್ತಿ ನೋಡಿ. ತೊಲೆ ಮೊದಲು ಕೆಡೋದು ಅಲ್ಲೇ, ಯಾಕಂದ್ರೆ ಆ ತುದಿಗೆ ಗಾಳಿ ಆಡೋದಿಲ್ಲ, ಗೋಡೆ ಹಸಿಯಾದಾಗೆಲ್ಲ ಅದೂ ಹಸಿ. ಗಟ್ಟಿ ಸಾಗವಾನಿಯಾದರೆ ಮೊನೆ ಸುಮ್ನೆ ಗೀರು ಬಿಟ್ಟು ಜಾರುತ್ತದೆ. ನೆನೆದ ಖಾರಿ ಬಿಸ್ಕತ್ತಿನಂತೆ ಮೆತ್ತಗೆ ಒಳಗೆ ಹೋದರೆ ಅದು ಬೂಷ್ಟಲ್ಲ, ಮರವೇ ಕೊಳೆತಿದೆ. ಆಗ ಕ್ಲೀನಿಂಗ್‌ನವರನ್ನು ಬಿಟ್ಟು ಕೆಳಗಿನಿಂದ ಆಧಾರ ಕೊಡಿಸಿ, ಎಂಜಿನಿಯರ್‌ಗೆ ತೋರಿಸಿ.

ಮರ ಗಟ್ಟಿ ಇದ್ದರೆ, ಬಲ್ಲವರು ಹೇಗೆ ಮಾಡ್ತಾರೆ ಅಂತ ಕೇಳಿ. ಮೊದಲು ಖೋಲಿಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕಿಟಕಿಗೆ ಒಂದು ಫ್ಯಾನ್ ಇಟ್ಟು ಒಳಗಿನ ಗಾಳಿ ಹೊರಗೇ ಹೋಗುವ ಹಾಗೆ ಮಾಡ್ತಾರೆ. ಇಲ್ಲದಿದ್ದರೆ ಕೆರೆದ ಪುಡಿ ಅಡುಗೆಮನೆವರೆಗೂ ಹಾರುತ್ತದೆ. ಬೂಷ್ಟು ಹಿಡಿದ ಗಾರೆಯನ್ನು ಕೆತ್ತಿ ಚೀಲಕ್ಕೆ ಕಟ್ತಾರೆ. ತೊಲೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸ್ಯಾಂಡ್ ಪೇಪರ್ ಹಾಕಿ, ಒಳ್ಳೆ ಮರ ಕಾಣುವವರೆಗೂ ಇಳಿಸ್ತಾರೆ. ಪುಡಿ ಎಳೆಯೋಕೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇಕೇ ಬೇಕು. ಅದು 0.3 ಮೈಕ್ರಾನ್ ಕಣವನ್ನೂ 99.97% ಹಿಡಿಯುತ್ತದೆ, ಮನೆಯ ಸಾದಾ ವ್ಯಾಕ್ಯೂಮ್ ಹಾಕಿದರೆ ಹಿಂದಿನಿಂದ ಅದೇ ಪುಡಿ ಉಗುಳುತ್ತದೆ. ಕೊನೆಗೆ ಮರ ಒಣಗಿಸಿ, ತೇವ ಅಳೆಯುವ ಮಾಯಿಶ್ಚರ್ ಮೀಟರ್‌ನ ಎರಡು ಮುಳ್ಳು ಚುಚ್ಚಿ ನಿಮ್ಮ ಕಣ್ಣೆದುರೇ ತೋರಿಸಬೇಕು, 16%ಗಿಂತ ಕಮ್ಮಿ ಬರಬೇಕು. ಆಮೇಲೆ ಮರಕ್ಕೆ ಬೂಷ್ಟು ಹಿಡಿಯದಂತೆ ತಡೆಯುವ ಬೋರೇಟ್ ದ್ರಾವಣ ಬಳಿಯಲಿ, ಗೋಡೆಗೆ ಮತ್ತೆ ಸುಣ್ಣದ ಗಾರೆಯೇ ಬರಲಿ. ಬರೀ ಹೊಗೆ ಬಿಡುವ ಮಷೀನ್ ತಂದು ಒಂದು ತಾಸಿನಲ್ಲಿ ಮುಗಿಸ್ತೀವಿ ಅಂದರೆ ಬೇಡ ಅನ್ನಿ. ಸತ್ತ ಬೂಷ್ಟಿನ ಪುಡಿಗೂ ದಮ್ಮು ಏಳುತ್ತದೆ.

ಆದರೆ ಇದೆಲ್ಲ ಈಗಲ್ಲ. ಬೆಳಗಾವಿ ಮಳೆಯಲ್ಲಿ, ಸೋರುವ ಹಂಚಿನ ಕೆಳಗೆ, ಮರ ಒಣಗಿಸ್ತೀನಿ ಅನ್ನೋದು ದುಡ್ಡು ದಂಡ. ಸದ್ಯಕ್ಕೆ ಹಂಚಿನ ಮೇಲೆ ತಾಡಪತ್ರಿ ಹೊದಿಸಿ ಸೋರೋದು ನಿಲ್ಲಿಸಿ, ಅತ್ತೆಯವರ ಹಾಸಿಗೆ ಮುಂದಿನ ಖೋಲಿಗೆ ಹಾಕಿ, ಹಿಂದಿನದರ ಬಾಗಿಲು ಮುಚ್ಚಿಡಿ. ಮಳೆ ಹಿಂದೆ ಸರಿದ ಮೇಲೆ ಹಂಚು ಕೈಯಾಡಿಸಿ, ದೀಪಾವಳಿ ಮುಗಿಸಿಕೊಂಡು ಕೆಲಸ ಹಿಡಿಸಿ. ಕೆರೆಯುವ ದಿನಗಳಲ್ಲಿ ಅತ್ತೆಯವರು ಮಗಳ ಮನೆಗೆ ಹೋಗಿರಲಿ, ನೀವು ಒಳಗೆ ಇಣುಕುವುದಾದರೂ ಎನ್95 ಮಾಸ್ಕ್ ಇಲ್ಲದೆ ಬೇಡ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಟ್ಯಾಂಕ್ ಸೋರಿ ಹಾಲ್‌ನ ಜಿಪ್ಸಮ್ ಸೀಲಿಂಗ್ ನಾಲ್ಕು ದಿನ ನೆನೆಯಿತು, ಈಗ ಹಸಿರು ಚುಕ್ಕೆ. ಒರೆಸಿದರೆ ಸಾಕಾ? ಕೆಳಗಿನ ಗೋಡೆಯಲ್ಲೂ ಬೆಳ್ಳಗೆ ಹತ್ತಿಯಂಥದ್ದು ಬಂದಿದೆ.
– ಓದುಗರು, ಬಾಗಲಕೋಟೆ

ಉತ್ತರ: ಸಾಲದು ಸರ್. ಜಿಪ್ಸಮ್ ಹಲಗೆಗೆ ಮೇಲೆ ಕೆಳಗೆ ಕಾಗದ ಇರುತ್ತದೆ, ಬೂಷ್ಟಿಗೆ ಅದೇ ಊಟ. ನೆನೆದದ್ದು 24ರಿಂದ 48 ತಾಸಿನೊಳಗೆ ಒಣಗಿದ್ದರೆ ಉಳಿಸಬಹುದಿತ್ತು. ಈಗ ಚುಕ್ಕೆಯ ಸುತ್ತ ಒಂದೆರಡು ಅಡಿ ಜಾಸ್ತಿಯೇ ಕತ್ತರಿಸಿ ಎಸೆಯಿರಿ, ಹೊಸ ತುಂಡು ಕೂರಿಸುವ ಮೊದಲು ಮೇಲಿನ ಸ್ಲ್ಯಾಬ್ ಒಣಗಲಿ. ಗೋಡೆಯ ಬಿಳಿಗೆ ನಾಲ್ಕು ಹನಿ ನೀರು ಹಾಕಿ ನೋಡಿ. ಕರಗಿ ಮಾಯವಾದರೆ ಅದು ಗೋಡೆ ಬಿಟ್ಟ ಉಪ್ಪು, ಬೂಷ್ಟಲ್ಲ. ಒಣ ಬ್ರಷ್‌ನಿಂದ ಝಾಡಿಸಿದರೆ ಹೋಗುತ್ತದೆ, ಆದರೆ ಟ್ಯಾಂಕ್ ಸೋರುವವರೆಗೂ ಬರುತ್ತಲೇ ಇರುತ್ತದೆ.