ಎರಡು ಗಂಟೆಯಲ್ಲಿ ಲ್ಯುಬ್ಲಿಯಾನಾ ಮುಗಿಯುತ್ತಾ?

ಈ ವಾರದ ಅಂಚೆಯಲ್ಲಿ ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾ ಬಗ್ಗೆ ಒಂದರ ಹಿಂದೆ ಒಂದು ಪ್ರಶ್ನೆ ಬಂದಿವೆ. ಬೇರೆ ಊರುಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು ಇವನ್ನು ಒಟ್ಟಿಗೆ ಮುಗಿಸಿಬಿಡೋಣ.

ನಾವು ಗಂಡ ಹೆಂಡತಿ ಟೂರ್ ಗುಂಪಿನ ಜೊತೆ ಹೊರಟಿದ್ದೇವೆ. ವೆನಿಸ್‌ನಿಂದ ವಿಯೆನ್ನಾಗೆ ಹೋಗುವ ದಾರಿಯಲ್ಲಿ ಲ್ಯುಬ್ಲಿಯಾನಾದಲ್ಲಿ ಎರಡು ಗಂಟೆ ನಿಲ್ಲಿಸುತ್ತಾರಂತೆ. ಅಷ್ಟು ಸಾಕಾ?
– ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಫೋಟೊ ತೆಗೆಸಿಕೊಂಡು ಬರೋದಕ್ಕೆ ಎರಡು ಗಂಟೆ ಧಾರಾಳ. ಊರು ಅಷ್ಟು ಚಿಕ್ಕದು. ಜನಸಂಖ್ಯೆ ಮೂರು ಲಕ್ಷದ ಆಸುಪಾಸು, ಅಂದರೆ ಶಿವಮೊಗ್ಗದಷ್ಟು. ಗುಡ್ಡದ ಮೇಲೊಂದು ಕೋಟೆ, ಕೆಳಗೆ ಲ್ಯುಬ್ಲಿಯಾನಿಟ್ಸಾ ನದಿ, ಅದರ ಆಚೆ ಈಚೆ ಹಳೇ ಊರು. ಗೈಡ್ ಬಾವುಟ ಹಿಡಿದು ಮುಂದೆ ಓಡಿದರೆ ಪ್ರೆಶೆರೆನ್ ಚೌಕ, ಮೂರು ಸೇತುವೆ, ಮಾರ್ಕೆಟ್ಟು, ಡ್ರ್ಯಾಗನ್ ಸೇತುವೆ, ಒಂದು ಐಸ್‌ಕ್ರೀಮು, ಮುಗೀತು. ಆಮೇಲೆ ಬಸ್ಸಲ್ಲಿ ಕೂತು "ಇದರಲ್ಲಿ ಅಂಥದ್ದೇನಿತ್ತು?" ಅಂತ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ.

ಯಾಕೆಂದರೆ ಐಫೆಲ್ ಗೋಪುರದ ಥರ ಎದುರು ನಿಂತು ಬಾಯಿ ಬಿಡುವಂಥ ಒಂದು ಐಟಂ ಈ ಊರಲ್ಲಿ ಇಲ್ಲ. ಸುಮ್ನೆ ಕಾಲಾಡಿಸುವುದರಲ್ಲೇ ಇಲ್ಲಿನ ಸುಖ. 2007ರಿಂದ ಊರಿನ ನಡುಭಾಗಕ್ಕೆ ಕಾರು ಬಿಡೋದನ್ನ ಹಂತ ಹಂತವಾಗಿ ನಿಲ್ಲಿಸಿದ್ದಾರೆ. 2016ರಲ್ಲಿ ಯುರೋಪಿನ ಹಸಿರು ರಾಜಧಾನಿ ಅಂತ ಪ್ರಶಸ್ತಿಯೂ ಬಂತು. ಪ್ರಶಸ್ತಿ ಹಾಗಿರಲಿ, ಹಾರ್ನ್ ಇಲ್ಲದ ಬೀದಿಯಲ್ಲಿ ಹಿಂದೆ ಮುಂದೆ ನೋಡದೆ ನಡೆಯೋದು ನಮ್ಮಂಥವರಿಗೆ ದೊಡ್ಡ ವಿಷಯ ಅಲ್ವಾ? ಸಂಜೆ ಟೂರ್ ಬಸ್ಸುಗಳೆಲ್ಲ ಹೊರಟ ಮೇಲೆ ನದಿ ಪಕ್ಕದ ಕುರ್ಚಿಗಳಲ್ಲಿ ಊರಿನವರೇ ಬಂದು ಕೂರುತ್ತಾರೆ, ಆಗ ನೋಡಬೇಕು ಊರನ್ನ. ಅದಕ್ಕೆ ರಾತ್ರಿ ಉಳಿಯಲೇಬೇಕು.

ದುಡ್ಡು ಕಟ್ಟಿ ಆಗಿದ್ದರೆ ಏನೂ ಮಾಡೋಕಾಗಲ್ಲ. ಕೋಟೆ ಬಿಟ್ಟುಬಿಡಿ, ಮಾರ್ಕೆಟ್ ಸುತ್ತಿ ನದಿ ದಡದಲ್ಲಿ ಕಾಫಿ ಕುಡಿದು ಬನ್ನಿ. ಇನ್ನೂ ಕಟ್ಟಿಲ್ಲ ಅಂದರೆ ಗುಂಪು ಬಿಟ್ಟು ನೀವೇ ಹೋಗಿ, ಮೂರು ರಾತ್ರಿ ಉಳಿಯಿರಿ. ವಿಯೆನ್ನಾದಲ್ಲಿ ಒಂದು ಅರಮನೆ ಕಡಿಮೆ ನೋಡಿದರೆ ನಷ್ಟವಿಲ್ಲ.

ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ನಮ್ಮ ವೀಸಾ ಜರ್ಮನಿಯದು. ಸ್ಲೊವೇನಿಯಾಗೆ ಬೇರೆ ವೀಸಾ ಮಾಡಿಸಬೇಕಾ? ದುಡ್ಡು ಬದಲಾಯಿಸಬೇಕಾ?
– ಗೃಹಿಣಿ, ದಾವಣಗೆರೆ

ಎರಡೂ ಬೇಡ. ಸ್ಲೊವೇನಿಯಾದಲ್ಲಿ 2007ರಿಂದ ಯೂರೋ ನಡೆಯುತ್ತೆ, ಅದೇ ವರ್ಷದ ಕೊನೆಗೆ ಷೆಂಗೆನ್‌ಗೂ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ, ಜರ್ಮನಿಯೂ ಇರುವ ದೇಶಗಳ ಗುಂಪಿಗೂ ಸೇರಿತು. ನಿಮ್ಮದು ಸಿಂಗಲ್ ಎಂಟ್ರಿ ವೀಸಾ ಆದರೂ ಷೆಂಗೆನ್ ಒಳಗೇ ಓಡಾಡಿದರೆ ಅದು ಹೊರಗೆ ಹೋದಂತೆ ಲೆಕ್ಕಕ್ಕೆ ಬರಲ್ಲ. ಪಕ್ಕದ ಕ್ರೊಯೇಷಿಯಾ ಕೂಡ 2023ರಿಂದ ಷೆಂಗೆನ್‌ನಲ್ಲೇ ಇದೆ, ಅದರ ರಾಜಧಾನಿ ಝಾಗ್ರೆಬ್‌ಗೂ ಹೋಗಿ ಬರಬಹುದು. ಆದರೆ ಪಾಸ್‌ಪೋರ್ಟ್ ಮಗಳ ಮನೆ ಬೀರುವಿನಲ್ಲಿ ಬಿಟ್ಟು ಹೋಗಬೇಡಿ. ಗಡಿಯಲ್ಲಿ ಬಸ್ಸು, ರೈಲು ಹತ್ತಿ ನೋಡುವುದು ಈಗ ಮತ್ತೆ ಇದೆ, ಅದರಲ್ಲೂ ಜರ್ಮನಿಗೆ ವಾಪಸ್ ಬರುವಾಗ.

ಹೊಸದಾಗಿ ವೀಸಾಗೆ ಹಾಕುವವರು ಒಂದು ಗಮನಿಸಿ: ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಬೇಗ ಅಪಾಯಿಂಟ್‌ಮೆಂಟ್ ಸಿಗುತ್ತೆ ಅಂತ ಯಾವುದೋ ದೇಶಕ್ಕೆ ಅರ್ಜಿ ಹಾಕಿ ಇನ್ನೆಲ್ಲೋ ಉಳಿಯೋದು ತಲೆನೋವು. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು.

ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಲ್ಯುಬ್ಲಿಯಾನಾ ಅಂದರೆ ವಾಸ್ತುಶಿಲ್ಪಿ ಪ್ಲೆಚ್ನಿಕ್ ಅಂತಾರೆ. ಒಬ್ಬ ಮನುಷ್ಯ ಒಂದು ಊರನ್ನೇ ಕಟ್ಟಿದ ಅನ್ನೋದು ಉತ್ಪ್ರೇಕ್ಷೆ ಅಲ್ವಾ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಸ್ವಲ್ಪ ಉತ್ಪ್ರೇಕ್ಷೆಯೇ, ಆದರೆ ಅಲ್ಲಿ ಹೋಗಿ ನಿಂತರೆ ಒಪ್ಪಿಕೊಳ್ಳುತ್ತೀರಿ. ಯೋಝೆ ಪ್ಲೆಚ್ನಿಕ್ ಹುಟ್ಟಿದ್ದು 1872ರಲ್ಲಿ ಅದೇ ಊರಲ್ಲಿ, ಓದಿದ್ದು ವಿಯೆನ್ನಾದಲ್ಲಿ, ಹೆಸರಾದ ವಾಸ್ತುಶಿಲ್ಪಿ ಓಟೊ ವಾಗ್ನರ್ ಹತ್ತಿರ. ಪ್ರಾಗ್‌ನ ಕೋಟೆಯಲ್ಲೂ ಕೆಲಸ ಮಾಡಿದರು. 1921ರಲ್ಲಿ ಊರಿಗೆ ವಾಪಸ್ ಬಂದು, 1957ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಲ್ಯುಬ್ಲಿಯಾನಾದಲ್ಲಿ ಅವರು ಮಾಡಿದ ಕೆಲಸಗಳು 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಮೂರು ಸೇತುವೆಯನ್ನೇ ತಗೊಳ್ಳಿ. ನಡುವಿನದು 1842ರ ಕಲ್ಲಿನ ಸೇತುವೆ. ಗಾಡಿ, ಜನ ಎಲ್ಲ ಅದರ ಮೇಲೇ ಹೋಗಿ ಇಕ್ಕಟ್ಟಾಯಿತು. ಬೇರೆ ಎಂಜಿನಿಯರ್ ಆಗಿದ್ದರೆ ಹಳೇದನ್ನು ಒಡೆದು ಅಗಲವಾದದ್ದು ಕಟ್ಟುತ್ತಿದ್ದರು. ಪ್ಲೆಚ್ನಿಕ್ ಅದನ್ನು ಒಡೆಯದೆ ಎಡಕ್ಕೊಂದು ಬಲಕ್ಕೊಂದು ಕಾಲ್ಸೇತುವೆ ಸ್ವಲ್ಪ ಓರೆಯಾಗಿ ಸೇರಿಸಿದರು. ಅಲ್ಲಿಂದ ಮೆಟ್ಟಿಲು ನೀರಿನ ಹತ್ತಿರಕ್ಕೇ ಇಳಿಯುತ್ತವೆ. ಸಂಚಾರದ ಸಮಸ್ಯೆಗೆ ಮಾಡಿದ್ದು ಊರಿನ ಕಟ್ಟೆಯಾಯಿತು.

ನಿಮಗೆ ಒಂದೇ ಕಟ್ಟಡಕ್ಕೆ ಸಮಯ ಇದ್ದರೆ ಲೈಬ್ರರಿಗೆ ಹೋಗಿ. ಅದು ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯ, ಕಟ್ಟಿದ್ದು 1936ರಿಂದ 1941ರವರೆಗೆ. ಹೊರಗಿನ ಗೋಡೆಯಲ್ಲಿ ಕೆಂಪು ಇಟ್ಟಿಗೆ ನಡುವೆ ಒರಟು ಕಲ್ಲುಗಳು ಅಲ್ಲಲ್ಲಿ ಮುಂದೆ ಚಾಚಿಕೊಂಡಿವೆ. ಬಾಗಿಲ ಹಿಡಿಯಲ್ಲೊಂದು ಕುದುರೆ ತಲೆ. ಅದನ್ನು ಹಿಡಿದು ತಳ್ಳಿ ಒಳಗೆ ಹೋದರೆ ಕತ್ತಲು ಕತ್ತಲು, ಕಪ್ಪು ಅಮೃತಶಿಲೆಯ 32 ಕಂಬಗಳ ನಡುವೆ ಮೆಟ್ಟಿಲು ಹತ್ತಬೇಕು. ಹತ್ತುತ್ತಾ ಹತ್ತುತ್ತಾ ಬೆಳಕು ಬರುತ್ತೆ, ಮೇಲೆ ಎರಡೂ ಕಡೆ ದೊಡ್ಡ ಕಿಟಕಿಗಳ ಓದುವ ಕೋಣೆ. ಅಜ್ಞಾನದಿಂದ ಜ್ಞಾನಕ್ಕೆ ಅಂತ ಗೈಡ್‌ಗಳು ಹೇಳುತ್ತಾರೆ. ಹೇಳದಿದ್ದರೂ ಕಾಲಿಗೆ ಗೊತ್ತಾಗುತ್ತೆ. ಓದುವ ಕೋಣೆಗೆ ಪ್ರವಾಸಿಗರನ್ನು ಎಲ್ಲ ಹೊತ್ತಲ್ಲೂ ಬಿಡಲ್ಲ, ಓದುವವರಿಗೆ ತೊಂದರೆ ಅಂತ. ಮೊದಲೇ ವಿಚಾರಿಸಿ. ಟ್ರ್ನೊವೊ ಬಡಾವಣೆಯಲ್ಲಿರುವ ಪ್ಲೆಚ್ನಿಕ್ ಮನೆ ಈಗ ಮ್ಯೂಸಿಯಂ, ಅದನ್ನೂ ಬಿಡಬೇಡಿ.

ನಾವು ಮಾಂಸ, ಮೊಟ್ಟೆ ಎರಡೂ ತಿನ್ನಲ್ಲ. ಅವಲಕ್ಕಿ ಕಟ್ಟಿಕೊಂಡೇ ಹೋಗಬೇಕಾ?
– ಉಡುಪಿಯ ಓದುಗರು

ಸ್ವಲ್ಪ ಕಟ್ಟಿಕೊಳ್ಳಿ, ಧೈರ್ಯಕ್ಕೆ. ಮಾಂಸ ಇಲ್ಲದ ಊಟ ಸುಲಭವಾಗಿ ಸಿಗುತ್ತೆ, ಮೊಟ್ಟೆ ಇಲ್ಲದ್ದು ಹುಡುಕಬೇಕು. ಅಲ್ಲಿನ ಹೆಸರಾದ ತಿಂಡಿ ಶ್ತ್ರೂಕ್ಲಿ: ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಚೀಸ್ ಅಥವಾ ವಾಲ್‌ನಟ್ ಹೂರಣ ಹಾಕಿ, ಸುರುಳಿ ಸುತ್ತಿ ಬೇಯಿಸೋದು. ರುಚಿ ಚೆನ್ನಾಗಿದೆ, ಆದರೆ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಝ್ಗಾಂಟ್ಸಿ ಅಂತ ಬಕ್‌ವೀಟ್ ಅನ್ನೋ ಕಾಳಿನ ಗಟ್ಟಿ ಹಿಟ್ಟು ಬರುತ್ತೆ, ಮುದ್ದೆ ತಿನ್ನುವವರಿಗೆ ಖುಷಿಯಾಗುತ್ತೆ, ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸಿ ಕೊಡೋದು ಅವರ ಪದ್ಧತಿ. ಯೋತಾ ಅನ್ನುವ ಹುಳಿ ಎಲೆಕೋಸು, ಬೀನ್ಸ್ ಸೂಪ್‌ನಲ್ಲೂ ಎಷ್ಟೋ ಸಲ ಹಂದಿಮಾಂಸ ಇರುತ್ತೆ. ಆರ್ಡರ್ ಕೊಡುವಾಗ "ಬ್ರೆಜ್ ಮೇಸಾ" ಅನ್ನಿ, ಮಾಂಸ ಬೇಡ ಅಂತ ಅರ್ಥ. ಇಂಗ್ಲಿಷ್ ಬಹಳ ಜನಕ್ಕೆ ಬರುತ್ತೆ, ವಿವರವಾಗಿ ಕೇಳೋದಕ್ಕೆ ಸಂಕೋಚ ಬೇಡ.

ನನಗೆ ಕೇಳಿದರೆ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿಯಿರಿ. ಮಾರ್ಕೆಟ್ ನದಿ ಪಕ್ಕದಲ್ಲೇ ಇದೆ, ಅದರ ಕಂಬಸಾಲೂ ಪ್ಲೆಚ್ನಿಕ್‌ದೇ. ಬೆಳಿಗ್ಗೆ ಹಳ್ಳಿಯಿಂದ ಬಂದ ಹೆಂಗಸರು ಸೊಪ್ಪು, ಬೀನ್ಸ್, ಜೇನು, ಹಣ್ಣು ಹರಡಿಕೊಂಡು ಕೂತಿರುತ್ತಾರೆ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ. ಮಾರ್ಚ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಮಳೆ ಇಲ್ಲದ ಶುಕ್ರವಾರಗಳಲ್ಲಿ, ಮಾರ್ಕೆಟ್ ಪಕ್ಕದ ಬಯಲಲ್ಲೇ ಹೋಟೆಲಿನವರು ಬಂದು ಒಲೆ ಹಚ್ಚುತ್ತಾರೆ. ಅವತ್ತು ಸಸ್ಯಾಹಾರಿಗಳಿಗೂ ಆಯ್ಕೆ ಜಾಸ್ತಿ.

ಅಮ್ಮನಿಗೆ ಮಂಡಿ ನೋವು. ಬರೀ ನಡೆಯೋ ಊರು ಅಂತೀರಿ, ಕರ್ಕೊಂಡು ಹೋಗಬಹುದಾ?
– ತುಮಕೂರು

ಖಂಡಿತ. ಹಳೇ ಊರು ಸಮತಟ್ಟಾಗಿದೆ, ಕಲ್ಲುಹಾಸು ಮಾತ್ರ ಅಲ್ಲಲ್ಲಿ ಎಡವಿಸುತ್ತೆ. ಕಾರು ಬಿಡದ ಭಾಗದಲ್ಲಿ ಕವಾಲಿರ್ ಅಂತ ಪುಟ್ಟ ಬ್ಯಾಟರಿ ಗಾಡಿಗಳು ಓಡಾಡುತ್ತವೆ. ಕೈ ಅಡ್ಡ ಹಾಕಿದರೆ ನಿಲ್ಲಿಸುತ್ತಾರೆ, ದುಡ್ಡಿಲ್ಲ. ಕೋಟೆಗೆ 2006ರಿಂದ ಹಳಿ ಮೇಲೆ ಹತ್ತುವ ಫ್ಯೂನಿಕ್ಯುಲರ್ ಇದೆ, ಅದಕ್ಕೆ ಟಿಕೆಟ್ ತಗೋಬೇಕು. ಮೇಲಿನ ಅಂಗಳಕ್ಕೆ ಟಿಕೆಟ್ ಇಲ್ಲ, ಗೋಪುರಕ್ಕೂ ಮ್ಯೂಸಿಯಂಗೂ ಇದೆ. ಗೋಪುರದ ಮೆಟ್ಟಿಲು ಅಮ್ಮನಿಗೆ ಬೇಡ. ಅವರು ಅಂಗಳದಲ್ಲಿ ಕೂತಿರಲಿ, ನೀವು ಹತ್ತಿ ಬನ್ನಿ. ಆಕಾಶ ತಿಳಿಯಾಗಿದ್ದರೆ ಆಲ್ಪ್ಸ್ ಕಾಣುತ್ತೆ.

ಒಂದೇ ದಿನ ಇದೆ. ಬ್ಲೆಡ್ ಸರೋವರವಾ, ಪೊಸ್ತೊಯ್ನಾ ಗುಹೆಯಾ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಬಿಸಿಲಿದ್ದರೆ ಬ್ಲೆಡ್, ಮಳೆ ಬಂದರೆ ಗುಹೆ. ಬ್ಲೆಡ್‌ಗೆ ರೈಲಿಗಿಂತ ಬಸ್ಸೇ ವಾಸಿ. ರೈಲು ನಿಲ್ಲುವ ಲೆಸ್ತ್ಸೆ ಸ್ಟೇಷನ್‌ನಿಂದ ಸರೋವರ ನಾಲ್ಕು ಕಿಲೋಮೀಟರ್ ದೂರ. ನಡುವಿನ ದ್ವೀಪಕ್ಕೆ ಪ್ಲೆತ್ನಾ ಅನ್ನೋ ದೋಣಿಯಲ್ಲಿ ಹೋಗಿ 99 ಮೆಟ್ಟಿಲು ಹತ್ತಬೇಕು. ಬೇಸಿಗೆಯಲ್ಲಿ ಜಾತ್ರೆ, ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಡಿ. ಜನ ಸಾಕಪ್ಪ ಅನ್ನಿಸಿದರೆ ಅದೇ ದಾರಿಯಲ್ಲಿ ಮುಂದೆ ಬೊಹಿನ್ಯ್ ಸರೋವರ ಇದೆ, ನನ್ನ ವೋಟು ಅದಕ್ಕೇ.

ಪೊಸ್ತೊಯ್ನಾ 24 ಕಿಲೋಮೀಟರ್ ಉದ್ದದ ಗುಹೆ. ಒಳಗೆ 1872ರಿಂದಲೇ ರೈಲು ಓಡುತ್ತಿದೆ, ಸ್ವಲ್ಪ ದೂರ ಅದರಲ್ಲಿ ಹೋಗಿ ಆಮೇಲೆ ನಡೆಯೋದು. ಒಳಗೆ ವರ್ಷವಿಡೀ ಸುಮಾರು ಹತ್ತು ಡಿಗ್ರಿ. ಜುಲೈನಲ್ಲಿ ಹೋದರೂ ಸ್ವೆಟರ್ ತಗೊಂಡು ಹೋಗಿ.

ಶನಿವಾರ ರಾತ್ರಿ ಇಳಿದು ಸೋಮವಾರ ಬೆಳಿಗ್ಗೆ ಹೊರಡುತ್ತೇವೆ. ಭಾನುವಾರ ಶಾಪಿಂಗ್ ಮಾಡಬಹುದಾ?
– ಮಂಗಳೂರು

ಆಗಲ್ಲ. 2020ರ ಕಾನೂನಿನ ಪ್ರಕಾರ ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಪೆಟ್ರೋಲ್ ಬಂಕ್‌ನ ಅಂಗಡಿ, ಸ್ಟೇಷನ್ ಹತ್ತಿರದ ಕೆಲವು ಸಣ್ಣ ಅಂಗಡಿ ತೆಗೆದಿರುತ್ತವೆ. ತರಕಾರಿ ಮಾರ್ಕೆಟ್ಟೂ ಇಲ್ಲ. ಹೋಟೆಲ್, ಕಾಫಿ ಅಂಗಡಿಗೆ ತೊಂದರೆಯಿಲ್ಲ. ಹಾಲು, ಬ್ರೆಡ್, ಮೊಸರು ಬೇಕಿದ್ದರೆ ಶನಿವಾರ ಅಂಗಡಿ ಮುಚ್ಚೋ ಮೊದಲೇ ತಗೊಳ್ಳಿ, ತಡವಾಗಿ ಇಳಿಯೋದಾದರೆ ಮನೆ ಕೊಡುವವರಿಗೆ ಮೊದಲೇ ಹೇಳಿ ತರಿಸಿಡಿ. ಭಾನುವಾರ ಬೆಳಿಗ್ಗೆ ನದಿ ದಡದಲ್ಲಿ ಹಳೇ ಸಾಮಾನಿನ ಸಂತೆ ಸೇರುತ್ತೆ: ಯುಗೊಸ್ಲಾವಿಯಾ ಕಾಲದ ಬ್ಯಾಡ್ಜು, ನಾಣ್ಯ, ಗಡಿಯಾರ, ಪಿಂಗಾಣಿ. ಮಧ್ಯಾಹ್ನದ ಹೊತ್ತಿಗೆ ಎತ್ತಿಬಿಡುತ್ತಾರೆ. ಚೌಕಾಸಿ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.